ಹಿಡಿದ ಬ್ರೇಕು ಬಿಡಲಿಲ್ಲ

ಆ ದೊಡ್ಡ ಬಿಳಿ ಗಾಡಿ ಮೊದಲ ಸಲ ಕೊಯಮತ್ತೂರಿನ ಅಂಚಿನ ತುಡಿಯಲೂರಿನ ನಮ್ಮ ಸರ್ವಿಸ್ ಸೆಂಟರಿಗೆ ಬಂದಾಗ ಅದರ ಕಾಯಿಲೆ ನಿಜಕ್ಕೂ ಸಣ್ಣದಿತ್ತು. ಏಳು ಜನ ಕೂರುವ, ಎರಡು ಟನ್ನಿಗೂ ಹೆಚ್ಚು ತೂಗುವ ಎಸ್‌ಯುವಿ. ಮುಂದಿನ ಎಡಚಕ್ರ ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ ಎಂಬುದು ದೂರು. ಬಿಚ್ಚಿ ನೋಡಿದರೆ ಚಕ್ರವನ್ನು ಅದುಮಿ ನಿಲ್ಲಿಸುವ ಬ್ರೇಕ್ ಕ್ಯಾಲಿಪರ್ ಹಿಂದೆ ಮುಂದೆ ಜಾರಬೇಕಾದ ಪಿನ್ನು ತುಕ್ಕು ಹಿಡಿದು ಅಂಟಿಕೊಂಡಿತ್ತು. ಉಡುಮಲೈಪೇಟೆಯ ಹತ್ತಿರ, ಮಾಲೀಕರ ತೆಂಗಿನ ತೋಟದಲ್ಲಿ ಮಳೆಗೆ ನೆನೆಯುತ್ತ ನಿಂತಿದ್ದ ಗಾಡಿ. ಅಂಟಿಕೊಳ್ಳದೆ ಏನು ಮಾಡೀತು? ಪಿನ್ನು ಉಜ್ಜಿ, ಗ್ರೀಸ್ ಹಚ್ಚಿ, ಪ್ಯಾಡ್ ಬದಲಿಸಿ, ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಸಿದೆವು.

ನಾನು ಅಲ್ಲಿ ಸರ್ವಿಸ್ ಅಡ್ವೈಸರ್. ಗಾಡಿ ತಂದವರ ದೂರು ಕೇಳಿ ಜಾಬ್ ಕಾರ್ಡ್ ಬರೆಯುವುದು, ಮೆಕ್ಯಾನಿಕ್ಕಿಗೆ ಒಪ್ಪಿಸುವುದು, ಓಡಿಸಿ ನೋಡುವುದು, ಸಹಿ ಹಾಕಿಸಿಕೊಂಡು ಕೀ ಕೊಡುವುದು. ನಡುವೆ ಎರಡೂ ಕಡೆಯವರಿಂದ ಬೈಸಿಕೊಳ್ಳುವುದು. ನನಗೂ ಬಾಯಿ ಸ್ವಲ್ಪ ಜೋರೇ ಇರುವುದರಿಂದ ಕೆಲಸ ಹೇಗೋ ನಡೆದುಕೊಂಡು ಹೋಗುತ್ತಿತ್ತು.

ಗಾಡಿ ತಂದ ಡ್ರೈವರಿಗೆ ಐವತ್ತು ದಾಟಿತ್ತು. ತಮಿಳಿನಲ್ಲಿ ದೂರು ಹೇಳುತ್ತಿದ್ದವರು, ನಾನು ಫೋನಿನಲ್ಲಿ ಅಮ್ಮನ ಜೊತೆ ಆಡಿದ ಒಂದು ಮಾತು ಕೇಳಿ ಕಣ್ಣರಳಿಸಿದರು. "ಅಮ್ಮಣಿ, ನೀನೂ ನಮ್ಮ ಮಾತೇನಾ?" ಅಂದರು. ಅವರದೂ ನಮ್ಮಂತೆ ನೇಯುವ ಮನೆತನ. ಕೈಮಗ್ಗ ನಿಂತ ಮೇಲೆ ಸ್ಟಿಯರಿಂಗ್ ಹಿಡಿದವರು. ಆಗಷ್ಟೇ ಈ ಮಾಲೀಕರ ಹತ್ತಿರ ಸೇರಿದ್ದರು. ಮಾಲೀಕರೂ ಮನೆಯಲ್ಲಿ ಕನ್ನಡವೇ ಆಡುವ ಪವರ್‌ಲೂಮ್ ಯಜಮಾನರು. ಡ್ರೈವರಣ್ಣ ತಮಿಳು ಸಲೀಸಾಗಿ ಓದುತ್ತಿದ್ದರು. ಇಂಗ್ಲಿಷ್ ಬಾರದು. ನಮ್ಮ ಜಾಬ್ ಕಾರ್ಡ್ ಪೂರ್ತಿ ಇಂಗ್ಲಿಷ್.

ಅವರು ಎಲ್ಲವನ್ನೂ ಕೇಳಿ ತಿಳಿದುಕೊಳ್ಳುವ ಜಾತಿ. ಬಾನೆಟ್ ಎತ್ತಿಸಿ, ಬ್ರೇಕ್ ಆಯಿಲ್ ಡಬ್ಬಿ ಯಾವುದು ಎಂದು ತೋರಿಸಿಕೊಂಡರು. "ಈ ಗೆರೆಗಿಂತ ಕೆಳಗಿಳಿಯಬಾರದು. ಇಳಿದರೆ ಇದೇ ಬಾಟಲಿಯದ್ದು ಹಾಕಬೇಕು, ಬೇರೆ ಯಾವುದೂ ಬೇಡ" ಎಂದು ನಾನು ಬಾಟಲಿ ಎತ್ತಿ ತೋರಿಸಿದೆ. ಅವರು ಅದರ ಬಣ್ಣ, ಚಿತ್ರ ಎಲ್ಲ ದಿಟ್ಟಿಸಿ ನೋಡಿ ತಲೆಯಾಡಿಸಿದರು.

ಅದು ಆಯುಧಪೂಜೆಯ ವಾರ. ನಮ್ಮಲ್ಲಿಗೆ ಬಂದ ಗಾಡಿಗಳಿಗೆಲ್ಲ ನಿಂಬೆಹಣ್ಣು, ಮಂಡಕ್ಕಿ ಪೊಟ್ಟಣ ಇಟ್ಟು ಕಳಿಸುತ್ತಿದ್ದೆವು. ಕೀ ಕೊಡುವ ಮುಂಚೆ ಮಾಲೀಕರು ಫೋನ್ ಮಾಡಿದರು. ನಮ್ಮ ಅಮ್ಮನಿಗೆ ಎರಡು ಬೀದಿ ಆಚೆ ಮಗ್ಗದ ಬಿಡಿಭಾಗಗಳ ಸಣ್ಣ ಅಂಗಡಿ ಇದೆ. ಅದು ಅವರಿಗೆ ಗೊತ್ತು. "ಅಮ್ಮನ ಅಂಗಡಿ ಎಣ್ಣೆ ಎರಡು ಬಾಟ್ಲಿ ವಂಡೀಲಿ ಇಟ್ಟು ಕಳ್ಸಮ್ಮಾ" ಅಂದರು. ನಾನು ತರಿಸಿ ಹಿಂದೆ ಡಿಕ್ಕಿಯಲ್ಲಿ, ಮಂಡಕ್ಕಿ ಪೊಟ್ಟಣದ ಪಕ್ಕ ಇಟ್ಟೆ. ಡ್ರೈವರಣ್ಣ ಊಟಕ್ಕೆ ಹೋಗಿದ್ದರು. ಅವರು ಬರುವಷ್ಟರಲ್ಲಿ ನಾನು ಬೇರೆ ಗಾಡಿಯ ಹತ್ತಿರ ನಿಂತು ಬೈಸಿಕೊಳ್ಳುತ್ತಿದ್ದೆ. ಎಣ್ಣೆಯ ವಿಷಯ ಯಾರಿಗೂ ಹೇಳಲಿಲ್ಲ.

ಎರಡು ತಿಂಗಳಿಗೆ ಗಾಡಿ ವಾಪಸ್ ಬಂತು. ಈಗ ಮುಂದಿನ ಎರಡು ಚಕ್ರವೂ ಬಿಸಿ. ಐವತ್ತು ಕಿಲೋಮೀಟರ್ ಓಡಿದ ಮೇಲೆ ಯಾರೋ ಹಿಂದಿನಿಂದ ಎಳೆದು ಹಿಡಿದ ಹಾಗೆ ಆಗುತ್ತದೆ, ಪೆಡಲ್ ಕಲ್ಲಾಗುತ್ತದೆ, ಅರ್ಧ ಗಂಟೆ ನಿಲ್ಲಿಸಿದರೆ ಸರಿಹೋಗುತ್ತದೆ ಎಂದರು ಡ್ರೈವರಣ್ಣ. ನಾನು ಮೇಟ್ಟುಪಾಳ್ಯಂ ರಸ್ತೆಯಲ್ಲಿ ಎಂಟು ಕಿಲೋಮೀಟರ್ ಓಡಿಸಿ ನೋಡಿದೆ. ಬೆಣ್ಣೆಯಂತೆ ನಿಂತಿತು. ಮೊದಲ ಸಲ ಪಿನ್ನು ಸಿಕ್ಕಿತ್ತಲ್ಲ, ಹಾಗಾಗಿ ನಮ್ಮ ತಲೆ ಚಕ್ರದ ಸುತ್ತಲೇ ಗಿರಕಿ ಹೊಡೆಯಿತು. ಎರಡೂ ಕ್ಯಾಲಿಪರ್ ಬಿಚ್ಚಿ ರಬ್ಬರ್ ಸೀಲ್ ಬದಲಿಸಿದೆವು. ಹೋಸ್ ಬದಲಿಸಿದೆವು. ಬ್ರೇಕ್ ಆಯಿಲ್ ಪೂರ್ತಿ ಹೊರಗೆ ತೆಗೆದು ಹೊಸದು ತುಂಬಿ ಗಾಳಿ ತೆಗೆದೆವು. ತೆಗೆದ ಆಯಿಲ್ ಎಂದಿನಂತೆ ಕರಿ ಬಕೆಟ್ಟಿಗೆ ಹೋಯಿತು. ಅದನ್ನು ಬೆಳಕಿಗೆ ಹಿಡಿದು ನೋಡುವ ಬುದ್ಧಿ ಯಾರಿಗೂ ಬರಲಿಲ್ಲ.

ಆ ದಿನಗಳಲ್ಲೇ ಒಮ್ಮೆ ಅಮ್ಮ, "ಅಲ್ಲೇ, ಆ ಉಡುಮಲೈಯವ್ರಿಗೆ ಎರಡು ಬಾಟ್ಲಿ ಬಂದೇ ಇಲ್ವಂತೆ. ಬಸ್ಸಲ್ಲಿ ಬೇರೆ ಹಾಕ್ಸಿದೆ" ಎಂದು ಗೊಣಗಿದಳು. "ಡಿಕ್ಕಿಲೇ ಎಲ್ಲೋ ಬಿದ್ದಿರ್ತದೆ ಬಿಡಮ್ಮಾ" ಅಂದು ನಾನು ತಟ್ಟೆ ಎತ್ತಿಟ್ಟೆ.

ಗಾಡಿ ಮೂರನೇ ಸಲ ಬಂದಾಗ ನನಗೆ ಅಳು ಬರುವುದೊಂದು ಬಾಕಿ. ಈ ಸಲ ಪೆಡಲ್ಲಿನ ಒತ್ತಡವನ್ನು ಚಕ್ರಗಳಿಗೆ ಹಂಚುವ ಮಾಸ್ಟರ್ ಸಿಲಿಂಡರನ್ನೇ ಬದಲಿಸಿದೆವು. ಮೆಕ್ಯಾನಿಕ್ ಆಯಿಲ್ ಡಬ್ಬಿಯ ಮುಚ್ಚಳ ಹಾಕುವಾಗ, "ಮೇಡಂ, ಇದರ ರಬ್ಬರ್ ಊದಿದೆ, ಕೂರ್ತಾ ಇಲ್ಲ" ಅಂದ. "ಇಂಜಿನ್ ಬಿಸಿಗೆ ಇರಬೇಕು. ಒತ್ತಿ ಕೂರಿಸು" ಅಂದೆ. ಅವನು ಒತ್ತಿ ಕೂರಿಸಿದ. ಆ ಮಾತನ್ನು ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕಂಪನಿಯ ತಾಂತ್ರಿಕ ವಿಭಾಗಕ್ಕೆ ಫೋಟೋ ಕಳಿಸಿದೆವು. ಫೋನಿನಲ್ಲಿ ಬಂದವರು ಒಂದೇ ಪ್ರಶ್ನೆ ಕೇಳಿದರು: ಡ್ರೈವರ್ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಾನಾ? ನಮ್ಮ ಮ್ಯಾನೇಜರಿಗೆ ಅಷ್ಟೇ ಸಾಕಾಯಿತು. ನನ್ನನ್ನು ಕ್ಯಾಬಿನ್ನಿಗೆ ಕರೆದು ತಮಿಳಿನಲ್ಲಿ, "ಹಾಗೇ ಬರೆದುಬಿಡು. ಮತ್ತೆ ಬಂದರೆ ನಮ್ಮ ತಲೆಗೆ ಬರಬಾರದು" ಎಂದರು. ನಾನು ನೋಡಿಲ್ಲವಲ್ಲ ಸಾರ್, ಅಂದೆ. "ಮತ್ತೇನು ಬರೀತೀಯ? ನಮಗೆ ಗೊತ್ತಾಗಲಿಲ್ಲ ಅಂತಲಾ?" ಅಂದರು. ಆ ತಿಂಗಳು ನನ್ನ ಹೆಸರಿನಲ್ಲಿ ಮರಳಿ ಬಂದ ಗಾಡಿಗಳೇ ಜಾಸ್ತಿ. ಇನ್ನೊಂದು ಬಂದರೆ ಕುರ್ಚಿ ಬಿಡಬೇಕಾದೀತು ಎಂದು ಅವರು ಹೇಳದೆಯೂ ನನಗೆ ತಿಳಿದಿತ್ತು.

ಬರೆದೆ. ಚಾಲಕರು ಬ್ರೇಕ್ ಪೆಡಲ್ ಮೇಲೆ ಸದಾ ಕಾಲಿಟ್ಟುಕೊಂಡು ಓಡಿಸುವ ಅಭ್ಯಾಸದಿಂದ ಬ್ರೇಕ್ ಬಿಸಿಯಾಗಿದೆ, ತಿಳಿಹೇಳಲಾಗಿದೆ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು. ಡ್ರೈವರಣ್ಣ ಬಂದರು. "ಎಲ್ಲಿ ಸೈನ್ ಅಮ್ಮಣಿ?" ಅಂದರು. ನಾನು ಬೆರಳಿಟ್ಟು ಆ ಎರಡು ಸಾಲಿನ ಕೆಳಗೆ ತೋರಿಸಿದೆ. "ಗಾಡಿ ತಗೊಂಡು ಹೋದ್ರಿ ಅನ್ನೋದಕ್ಕೆ" ಅಂದೆ. ಅವರು ತಮಿಳಿನಲ್ಲಿ ದುಂಡಗೆ ಹೆಸರು ಬರೆದು, ಕೆಳಗೊಂದು ಗೆರೆ ಎಳೆದು, "ವರ್ಟ್ಟಾ, ಬರ್ಲಾ" ಎಂದು ಹೊರಟರು.

ಐದು ವಾರಕ್ಕೆ ಅದೇ ಬಿಳಿ ಗಾಡಿ ಬೆಳಿಗ್ಗೆ ಎಂಟೂವರೆಗೆ ಗೇಟಿನಲ್ಲಿ ನಿಂತಿತ್ತು. ಡ್ರೈವರಣ್ಣ ಇಳಿಯಲಿಲ್ಲ. ಗಾಜು ಇಳಿಸಿ ನನ್ನನ್ನು ನೋಡಿದರು.

"ಯಜಮಾನ್ರು ಕಾರ್ಡ್ ಓದಿ, ಕೆಲ್ಸ ಈ ತಿಂಗ್ಳು ಕೊನೇ ತನಕ ಅಷ್ಟೇ ಅಂತ ಹೇಳ್ಬಿಟ್ರು. ನಾನು ಬ್ರೇಕ್ ಮೇಲೆ ಕಾಲಿಕ್ಕೊಂಡು ಓಡಿಸ್ತೀನಿ ಅಂತ ನೀನು ಬರ್ದಿದ್ದೀಯಂತೆ."

ನಾನು ಕೈಯಲ್ಲಿದ್ದ ಜಾಬ್ ಕಾರ್ಡುಗಳನ್ನು ಎದೆಗೆ ಒತ್ತಿಕೊಂಡೆ.

"ಇಪ್ಪತ್ತಾರು ವರ್ಷದಿಂದ ಓಡಿಸ್ತಿದ್ದೀನಿ ಅಮ್ಮಣಿ. ಈ ವಯಸ್ಸಲ್ಲಿ, ಬ್ರೇಕ್ ತಿನ್ನೋನು ಅಂತ ಹೆಸ್ರು ಬಂದ್ರೆ ಯಾರು ವಂಡಿ ಕೊಡ್ತಾರೆ? ನನ್ಗೆ ಬೇರೆ ಏನೂ ಬ್ಯಾಡ. ಹತ್ತು. ಉಡುಮಲೈ ತನಕ ಪಕ್ಕದಲ್ಲಿ ಕೂತ್ಕೊ. ನನ್ ಕಾಲು ನೋಡು. ನೋಡ್ಬಿಟ್ಟು ಆಮೇಲೆ ಏನ್ ಬೇಕಾದ್ರೂ ಬರಿ."

ದೂರದ ಟೆಸ್ಟ್ ಡ್ರೈವ್ ಎಂದು ಮ್ಯಾನೇಜರಿಗೆ ಹೇಳಿ, ಸ್ಪ್ಯಾನರ್ ಚೀಲ, ಜಾಕು, ಸೀಲ್ ಒಡೆಯದ ಒಂದು ಬ್ರೇಕ್ ಆಯಿಲ್, ದೂರದಿಂದಲೇ ಶಾಖ ಅಳೆಯುವ ಗನ್ ತೆಗೆದುಕೊಂಡು ಹತ್ತಿದೆ. ಡ್ರೈವರಣ್ಣ ಚಪ್ಪಲಿ ಬಿಚ್ಚಿ ಸೀಟಿನ ಕೆಳಗಿಟ್ಟರು. ಅವರು ಬರಿಗಾಲಿನಲ್ಲೇ ಓಡಿಸುವುದು. ಮಗ್ಗದ ಮುಂದೆ ಕೂರುವಾಗಲೂ ಹಾಗೇ, ತುಳಿಯುವುದನ್ನು ಕಾಲಿಗೆ ತಿಳಿಯುವಂತೆ ತುಳಿಯಬೇಕು ಎಂದು ಅಪ್ಪ ಹೇಳಿಕೊಟ್ಟಿದ್ದರಂತೆ. ಕೊಯಮತ್ತೂರು ದಾಟುವವರೆಗೆ ನೂರು ಸಲ ಬ್ರೇಕ್ ಒತ್ತಿರಬಹುದು. ಪ್ರತಿ ಸಲವೂ ಕೆಲಸ ಮುಗಿದೊಡನೆ ಆ ಕಾಲು ಪಕ್ಕಕ್ಕೆ ಸರಿದು ನೆಲದ ಮೇಲೆ ಸುಮ್ಮನೆ ಕೂರುತ್ತಿತ್ತು. ನಾನು ತಲೆ ತಗ್ಗಿಸಿ ಅದನ್ನೇ ನೋಡುತ್ತ ಕೂತೆ. ಗಾಜು ಏರಿಸಿದ ಆ ತಂಪು ಗಾಡಿಯೊಳಗೆ ಕಣ್ಣಿಡಲು ನನಗೆ ಬೇರೆ ಜಾಗ ಇರಲಿಲ್ಲ.  ಇಳಿದು ಓಡಿಹೋಗೋಣ ಅನ್ನಿಸಿದ್ದು ಸುಳ್ಳಲ್ಲ.

ಕಿಣತ್ತುಕಡವಿನಲ್ಲಿ ಇಳಿದು ಚಕ್ರಗಳಿಗೆ ಗನ್ ಹಿಡಿದೆ. ಮುಂದಿನವು ಹಿಂದಿನವಕ್ಕಿಂತ ಆಗಲೇ ಎರಡು ಪಾಲು ಬಿಸಿ. ಪೊಳ್ಳಾಚಿ ದಾಟಿದ ಮೇಲೆ ಗಾಡಿ ಏದುಸಿರು ಬಿಡತೊಡಗಿತು. ಗೋಮಂಗಲದ ಹತ್ತಿರ, ಎರಡೂ ಕಡೆ ತೆಂಗು, ಆಚೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಅಲ್ಲಿ ಗಾಡಿ ನಡುರಸ್ತೆಯಲ್ಲೇ ನಿಂತುಬಿಟ್ಟಿತು. ಆಕ್ಸಿಲರೇಟರ್ ಒತ್ತಿದರೆ ಮೂಗು ಎತ್ತುತ್ತದೆ, ಕದಲುವುದಿಲ್ಲ. ಹಿಂದೆ ಬಸ್ಸು, ಅದರ ಹಿಂದೆ ತೆಂಗಿನ ನಾರು ತುಂಬಿದ ಲಾರಿ, ಹಾರ್ನಿನ ಸುರಿಮಳೆ. ಡ್ರೈವರಣ್ಣ ಎರಡೂ ಕಾಲು ಎತ್ತಿ ಸೀಟಿನ ಮೇಲೆ ಮಡಚಿಕೊಂಡು, "ಈಗ ನೋಡು. ನನ್ ಕಾಲು ಎಲ್ಲಿದೆ?" ಅಂದರು.

ಅಲ್ಲೇ ಜಾಕು ಕೊಟ್ಟು ಎಡಚಕ್ರ ಎತ್ತಿದೆ. ಕೈಯಿಂದ ತಿರುಗಿಸಲು ಆಗಲಿಲ್ಲ. ಕ್ಯಾಲಿಪರ್ ಹತ್ತಿರ ಗಾಳಿ ತೆಗೆಯುವ ನಿಪ್ಪಲ್ ಕಾಲು ಸುತ್ತು ಸಡಿಲಿಸಿದೆ. ಆಯಿಲ್ ಚಿಮ್ಮಿತು, ಚಕ್ರ ತಿರುಗಿತು. ಅಂದರೆ ಒತ್ತಿದ ಒತ್ತಡ ವಾಪಸ್ ಹೋಗುತ್ತಿಲ್ಲ. ಬಾನೆಟ್ ಎತ್ತಿ ಮಾಸ್ಟರ್ ಸಿಲಿಂಡರಿನ ಪೈಪು ಸಡಿಲಿಸಿದೆ. ಬಲಚಕ್ರವೂ ಬಿಟ್ಟಿತು. ಐದು ವಾರದ ಹಿಂದೆ ಹಾಕಿದ ಹೊಸ ಸಿಲಿಂಡರ್ ಅದು, ಅದರೊಳಗಿನ ರಬ್ಬರ್ ಆಗಲೇ ಊದಿ ಆಯಿಲ್ ಮರಳುವ ದಾರಿ ಮುಚ್ಚಿತ್ತು. ಇದು ಪಾರ್ಟಿನ ತಪ್ಪಲ್ಲ ಎಂದು ಆಗ ಹೊಳೆಯಿತು. ಡಬ್ಬಿಯ ಮುಚ್ಚಳ ತೆಗೆದೆ. ಅದರ ರಬ್ಬರ್ ಹಪ್ಪಳದಂತೆ ಉಬ್ಬಿ ಸೊಟ್ಟಗಾಗಿತ್ತು. ಕುಡಿಯುವ ನೀರಿನ ಬಾಟಲಿ ಖಾಲಿ ಮಾಡಿ, ಒರೆಸಿ, ಡಬ್ಬಿಯ ಆಯಿಲ್ ಸ್ವಲ್ಪ ಅದಕ್ಕೆ ಎಳೆದು ಬಿಸಿಲಿಗೆ ಹಿಡಿದೆ. ನಿಧಾನಕ್ಕೆ ಅದು ಎರಡು ಪದರವಾಯಿತು. ಮೇಲಿನದನ್ನು ಬೆರಳಿಗೆ ಹಚ್ಚಿ ಮೂಸಿದೆ. ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿರುವ ವಾಸನೆ. ಮಗ್ಗದ ಎಣ್ಣೆ. ಬ್ರೇಕಿನ ರಬ್ಬರ್ ಅದನ್ನು ಕುಡಿದರೆ ಊದುತ್ತದೆ.

"ಅಣ್ಣಾ, ಇದಕ್ಕೆ ಏನು ಹಾಕಿದ್ರಿ?"

"ನೀನು ಕೊಟ್ಟಿದ್ದೇ ಹಾಕಿದ್ದು, ಬೇರೆ ಏನು ಹಾಕ್ತೀನಿ?" ಎಂದು ಅವರು ಡಿಕ್ಕಿಯಿಂದ ಬಿಳಿ ಬಟ್ಟೆಯಲ್ಲಿ ಸುತ್ತಿದ ಬಾಟಲಿ ತಂದರು. ನಾನು ಅವರಿಗೆ ಅಂದು ತೋರಿಸಿದ್ದ ಅದೇ ಕಂಪನಿಯ ಅದೇ ಬ್ರೇಕ್ ಆಯಿಲ್ ಬಾಟಲಿ. ಕತ್ತಿಗೆ ಹಳದಿ ದಾರ.

ಖಾಲಿಯಾದ ಬ್ರೇಕ್ ಆಯಿಲ್ ಬಾಟಲಿಗೆ ತೂತು ಕೊರೆದು ಎಸೆಯಬೇಕು ಎಂಬುದು ನಮ್ಮಲ್ಲಿ ನಿಯಮ. ಒಳ್ಳೆ ಗಟ್ಟಿ ಬಾಟಲಿ, ಯಾಕೆ ಹಾಳು ಎಂದು ನಾನೇ ತೊಳೆದು ಅಮ್ಮನಿಗೆ ಒಯ್ಯುತ್ತಿದ್ದೆ. ಅವಳು ಅದರಲ್ಲಿ ಮಗ್ಗದ ಎಣ್ಣೆ ತುಂಬಿ ಗುರುತಿಗೆ ಹಳದಿ ದಾರ ಕಟ್ಟುತ್ತಿದ್ದಳು. ನಮ್ಮ ಅಂಗಡಿಗೆ ಬರುವವರಿಗೆಲ್ಲ ಅದು ಗೊತ್ತು. ಡ್ರೈವರಣ್ಣ ನಮ್ಮ ಅಂಗಡಿಗೆ ಬಂದವರಲ್ಲ.

"ಆಯುಧಪೂಜೆಗೆ ಅರಿಶಿನ ದಾರ ಕಟ್ಟಿ, ಪೂಜೆ ಮಾಡಿ ಕೊಟ್ಟಿದ್ದೀಯಾ ಅಂದ್ಕೊಂಡೆ. ಮಂಡಕ್ಕಿ ಜೊತೆ ಇತ್ತಲ್ಲ" ಅಂದರು. "ಶುಕ್ರವಾರ ಶುಕ್ರವಾರ, ಊದಿನಕಡ್ಡಿ ಹಚ್ಚೋಕೆ ಮುಂಚೆ, ಒಂದೊಂದ್ ಮುಚ್ಚಳ ಹಾಕ್ತಿದ್ದೆ. ಮಗ್ಗದ ಎಣ್ಣೆ ಕುಡಿಕೆ ಶುಕ್ರವಾರ ಖಾಲಿ ಇರಬಾರ್ದು ಅಂತ ನಮ್ಮಪ್ಪ ಹೊಡ್ದು ಕಲಿಸಿದ್ರು. ವಂಡಿಗೂ ಹಾಗೇ ಅಲ್ವಾ?"

ನಾವು ರಬ್ಬರ್ ಬದಲಿಸುತ್ತಿದ್ದೆವು, ಅವರು ಭಕ್ತಿಯಿಂದ ಅದನ್ನು ಊದಿಸುತ್ತಿದ್ದರು. ಅಮ್ಮನಿಗೂ ಅವರಿಗೂ ಆ ಬಾಟಲಿ ಕೊಟ್ಟವಳು ನಾನು.

ಮ್ಯಾನೇಜರಿಗೆ ಫೋನ್ ಮಾಡಿ ಹೇಳಿದೆ. ಬಾಟಲಿ ಯಾರದು ಎಂಬುದನ್ನೂ, ಡ್ರೈವರಣ್ಣನ ಕೆಲಸ ಹೋಗುತ್ತಿರುವುದನ್ನೂ ಹೇಳಿದೆ.  ಅವರು ಬಹಳ ಮೃದುವಾಗಿ, "ಡ್ರೈವರ್ ತಪ್ಪು ಎಣ್ಣೆ ಹಾಕಿದ್ದಾನೆ. ಅದು ನಿಜ ತಾನೆ? ಅಷ್ಟೇ ಬರಿ. ಅವನನ್ನು ಹೇಗೂ ತೆಗೆದಾಗಿದೆ. ಗಾಡಿಯನ್ನು ಲಾರಿಯ ಮೇಲೆ ಹಾಕಿಸಿ ನೀನೂ ಬಂದುಬಿಡು" ಎಂದರು.

ಅದು ನಿಜವೇ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ, ಅದೇ ನನ್ನನ್ನು ಕಟ್ಟಿಹಾಕಿತು. ಬಾಟಲಿ ತೋಟಕ್ಕೆ ಎಸೆದು ಮನೆಗೆ ಹೋದರೆ ಮುಂದೆ ಹೊಸ ಡ್ರೈವರ್ ಬರುತ್ತಾನೆ, ಎಣ್ಣೆ ಹಾಕುವುದು ನಿಲ್ಲುತ್ತದೆ, ಬ್ರೇಕ್ ಸರಿಹೋಗುತ್ತದೆ. ನಾನು ಬರೆದ ಎರಡು ಸಾಲು ಸರಿಯಿತ್ತೆಂದು ಎಲ್ಲರೂ ಒಪ್ಪುತ್ತಾರೆ. ಮಾಲೀಕರೂ ಒಪ್ಪುತ್ತಾರೆ. ಕೊನೆಗೆ ಈ ಮನುಷ್ಯನೂ ತನ್ನ ಕಾಲಿನ ಮೇಲೆ ತಾನೇ ಅನುಮಾನ ಪಡುತ್ತಾನೇನೋ.

ಲಾರಿ ಬರುವವರೆಗೆ ಇಬ್ಬರೂ ತೆಂಗಿನ ಮರದ ನೆರಳಿನಲ್ಲಿ ಕೂತೆವು. ನಾನು ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಬಾಟಲಿಯ ದಾರವನ್ನು ಬೆರಳಿನಲ್ಲಿ ಸವರುತ್ತ ಕೇಳಿಸಿಕೊಂಡರು.

"ವಿಡು ಅಮ್ಮಣಿ, ಬಿಟ್ಬಿಡು" ಅಂದರು. "ನನ್ಗೆ ಹೇಗೂ ಹೇಳಿ ಆಗಿದೆ. ನಿನ್ ಕೆಲ್ಸ ಯಾಕೆ ಹಾಳ್ ಮಾಡ್ಕೊಂತೀಯಾ? ಗೊತ್ತಿಲ್ದೆ ಆಗಿದ್ದು."

ಸ್ವಲ್ಪ ಹೊತ್ತಿನ ಮೇಲೆ ಅವರೇ ಮತ್ತೆ ಕೇಳಿದರು. "ಅವತ್ತು ನೀನು ಬೆರಳಿಟ್ಟು ತೋರ್ಸಿದ್ಯಲ್ಲ, ನಾನು ಸೈನ್ ಹಾಕಿದ್ದು. ಅದು ಅದಕ್ಕೇನಾ?"

"ಹೌದಣ್ಣಾ."

ಅವರು ಬೈಯಲಿಲ್ಲ. ಬಾಟಲಿಯನ್ನು ನನ್ನ ಪಕ್ಕ ಇಟ್ಟು, ಎದ್ದು ಹೋಗಿ ಗಾಡಿಯ ಆಚೆ ಬದಿಗೆ ನಿಂತರು. ಗೊತ್ತಿಲ್ಲದೆ ಆದದ್ದು ಬಾಟಲಿ. ಸಹಿ ನಾನು ಗೊತ್ತಿದ್ದೇ ಹಾಕಿಸಿದ್ದು. ನನಗೆ ಅಲ್ಲೇ ಕೂತು ಜೋರಾಗಿ ಅಳು ಬಂತು. ದಾರಿಯಲ್ಲಿ ಹೋಗುವವರು ನೋಡಿದರೂ ನಿಲ್ಲಲಿಲ್ಲ.

ಲಾರಿ ಗಾಡಿಯನ್ನು ಹೊತ್ತು ಕೊಯಮತ್ತೂರಿನ ಕಡೆ ಹೊರಟಿತು. ನಾನು ಹತ್ತಲಿಲ್ಲ. ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ರಸ್ತೆ ದಾಟಿ ಉಡುಮಲೈಯ ಬಸ್ಸಿಗೆ ಕೈ ತೋರಿಸಿದೆ. ಡ್ರೈವರಣ್ಣ ಹಿಂದೆಯೇ ಹತ್ತಿ, ಬೇರೆ ಸೀಟಿನಲ್ಲಿ ಕೂತರು.

ಮಾಲೀಕರ ಮನೆಯ ಅಂಗಳದಲ್ಲಿ, ಡ್ರೈವರಣ್ಣನ ಎದುರಿಗೇ, ಬಾಟಲಿ ಮುಂದಿಟ್ಟು ಹೇಳಿದೆ. ಎಣ್ಣೆ ನಮ್ಮದು, ಬಾಟಲಿ ನಾನು ತೂತು ಮಾಡದೆ ಒಯ್ದದ್ದು, ಡಿಕ್ಕಿಯಲ್ಲಿ ಇಟ್ಟು ಹೇಳದೆ ಹೋದವಳು ನಾನು. ಕಾಲಿನ ವಿಷಯ ನೋಡದೆ ಬರೆದದ್ದು. ಓದಿ ಹೇಳದೆ ಸಹಿ ಹಾಕಿಸಿದ್ದು. ಕೊನೆಯ ಮಾತನ್ನು ಡ್ರೈವರಣ್ಣನ ಕಡೆ ತಿರುಗಿ ಹೇಳಿದೆ.

ಮಾಲೀಕರ ಮುಖ ಕೆಂಪಾಯಿತು. "ನನ್ ಹೆಂಡ್ತಿ ಮಕ್ಳು ಈ ವಂಡೀಲಿ ಪಳನಿಗೆ ಹೋಗಿ ಬಂದ್ರು, ಗೊತ್ತಾ? ನಮ್ಮವಳು, ಸರಿಯಾಗ್ ನೋಡ್ತಾಳೆ ಅಂತ ಅಷ್ಟು ದೂರ ಕಳಿಸ್ತಿದ್ದೆ" ಅಂದರು.  ಅವರು ಫೋನ್ ತೆಗೆದು, ಒಂದನೇ ತಾರೀಕಿನಿಂದ ಬರಬೇಕಿದ್ದ ಹೊಸ ಡ್ರೈವರಿಗೆ ಬರುವುದು ಬೇಡ ಎಂದು ಹೇಳಿದರು. ಡ್ರೈವರಣ್ಣನ ಕಡೆ ತಿರುಗಿ, "ಇರು" ಎಂದಷ್ಟೇ ಹೇಳಿ ಒಳಗೆ ಹೋದರು. ನನಗೆ ಕೂರು ಅನ್ನಲಿಲ್ಲ, ನೀರೂ ಬರಲಿಲ್ಲ.

ಗಾಡಿಯ ಬ್ರೇಕಿಗೆ ಸೇರಿದ ರಬ್ಬರ್ ಇರುವ ಪ್ರತಿಯೊಂದು ಭಾಗವನ್ನೂ ಬದಲಿಸಬೇಕಾಯಿತು: ಮಾಸ್ಟರ್ ಸಿಲಿಂಡರ್, ನಾಲ್ಕೂ ಕ್ಯಾಲಿಪರ್, ಹೋಸುಗಳು, ಎಬಿಎಸ್ ಘಟಕ. ಲೋಹದ ಪೈಪುಗಳನ್ನು ಮೂರು ಸಲ ತೊಳೆದೆವು. ಜಾಬ್ ಕಾರ್ಡಿನಲ್ಲಿ ಕಾರಣದ ಜಾಗದಲ್ಲಿ ನನ್ನ ಹೆಸರನ್ನು ನಾನೇ ಬರೆದೆ. ಮ್ಯಾನೇಜರ್ ಅದನ್ನು ಎರಡು ಸಲ ಓದಿ, ನನ್ನನ್ನು ಮೂರು ತಿಂಗಳು ಕೌಂಟರಿನಿಂದ ತೆಗೆದು ಗಾಡಿ ತೊಳೆಯುವ ಕಡೆ ಹಾಕಿದರು. ಅಮ್ಮ ಈಗ ಮಗ್ಗದ ಎಣ್ಣೆಯನ್ನು ಅಗಲ ಬಾಯಿಯ ಉಪ್ಪಿನಕಾಯಿ ಡಬ್ಬಿಗಳಲ್ಲಿ ತುಂಬುತ್ತಾಳೆ. ಖಾಲಿ ಬಾಟಲಿಗಳಿಗೆ ನಾನೇ ನಿಂತು ತೂತು ಕೊರೆಸುತ್ತೇನೆ.

ನಾನು ಕೌಂಟರಿಗೆ ಮರಳಿದ ಮೊದಲ ವಾರವೇ ಬಿಳಿ ಗಾಡಿ ಮಾಮೂಲಿ ಸರ್ವಿಸಿಗೆ ಬಂತು. ಬ್ರೇಕಿನ ದೂರಿಲ್ಲ. ಡ್ರೈವರಣ್ಣ ಮುಂಚಿನಂತೆಯೇ ಅಮ್ಮಣಿ ಎಂದು ಕರೆದರು, ಅಮ್ಮ ಹೇಗಿದ್ದಾರೆ ಎಂದು ಕೇಳಿದರು. ಸಂಜೆ ನಾನು ಕಾರ್ಡ್ ಮುಂದಿಟ್ಟು ಪೆನ್ ಚಾಚಿದೆ. ಅವರು ಎರಡೂ ಕೈ ಹಿಂದೆ ಕಟ್ಟಿಕೊಂಡರು.

"ಓದು" ಅಂದರು.

ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ನಾನು ಓದಿದೆ. ಇಂಜಿನ್ ಆಯಿಲ್ ಬದಲಿಸಿದೆ, ಫಿಲ್ಟರ್ ಬದಲಿಸಿದೆ, ಬ್ರೇಕ್ ನೋಡಿದೆ, ಸರಿಯಿದೆ. ಒಂದೊಂದು ಸಾಲನ್ನೂ ನಮ್ಮ ಮಾತಿನಲ್ಲಿ ಹೇಳಿದೆ. ಅವರು ನನ್ನ ಬೆರಳು ಸರಿಯುವುದನ್ನೇ ನೋಡುತ್ತಿದ್ದರು. ಮುಗಿಸಿ ತಲೆ ಎತ್ತಿದೆ.

"ಕೆಳಗೆ ಇನ್ನೊಂದು ಸಾಲಿದೆ" ಅಂದರು.

"ಅದು ಬರೀ ತಾರೀಕು ಅಣ್ಣಾ."

"ಅದನ್ನೂ ಓದು ಅಮ್ಮಣಿ."

ತಾರೀಕು ಓದಿದೆ. ಆಮೇಲೆ ಅವರು ಪೆನ್ನಿಗೆ ಕೈ ಚಾಚಿದರು.